ಬೇಲಿಗೆ ನೆಟ್ಟ ಕಣಗಿಲೆ

ಪಕ್ಕದ ಮನೆಯ ಅಜ್ಜಿಯ ಹಸು ಸತ್ತ ದಿನ, ಅದಕ್ಕೆ ವಿಷ ಹಾಕಿದ್ದು ಅವರ ಮಗನೇ ಇರಬೇಕು ಎಂದು ಮೊದಲು ಬಾಯಿ ಬಿಟ್ಟವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಗಿಡ, ಬಿಸಿಲು, ನೀರು ಅಂತ ಸುತ್ತಿ ಬಳಸಿ ಮಾತಾಡುತ್ತಾ ನಾನು ಒಳ್ಳೆಯವನಾಗಿ ಕಾಣುವ ಹುನ್ನಾರ ಮಾಡಿಬಿಟ್ಟೇನು. ನನ್ನ ಮೇಲೂ ನನಗೆ ಅಂಥ ನಂಬಿಕೆಯೇನಿಲ್ಲ.

ಅನುಮಾನ ನನ್ನ ಕಸುಬಾಗಿತ್ತು. ಮೂವತ್ತು ವರ್ಷ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದೆ. ಬಂದ ಪ್ರತಿಯೊಂದು ಬಿಡಿಭಾಗವನ್ನೂ ಇದರಲ್ಲಿ ಏನೋ ದೋಷವಿದೆ ಅಂತಲೇ ಕೈಗೆತ್ತಿಕೊಳ್ಳಬೇಕು, ದೋಷ ಸಿಗದಿದ್ದರೆ ಒಲ್ಲದ ಮನಸ್ಸಿನಿಂದ ಮುಂದಕ್ಕೆ ಬಿಡಬೇಕು. ನಿವೃತ್ತಿಯ ದಿನ ಹಾರ ಹಾಕಿದರು. ವೇದಿಕೆಯ ಮೇಲೆ ಕೂತಲ್ಲೇ ಒಂದು ಎಸಳು ಕಿತ್ತು ಹೊಸಕಿ, ಇದು ನಿನ್ನೆಯ ಹೂವೋ ಇವತ್ತಿನದೋ ಅಂತ ನೋಡಿದೆ. ನಿನ್ನೆಯದೇ ಆಗಿತ್ತು. ನನ್ನ ಹೆಂಡತಿ ಆರ್.ಟಿ. ನಗರದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದವಳು. ನಾವಿಬ್ಬರೂ ಗದಗಿನ ಕಡೆಯವರು. ಇಲ್ಲಿಗೆ ಬಂದು ಇಷ್ಟು ಕಾಲವಾದರೂ ಮನೆಯೊಳಗೆ ಅವಳ ಮಾತು ಅಲ್ಲಿಯದೇ. "ನೀವು ಸಂಶಯ ಪಿಶಾಚಿ ಅದೀರಿ ನೋಡ್ರಿ" ಎನ್ನುವುದು ನನಗೆ ಅವಳು ಕೊಟ್ಟ ಬಿರುದು.

ನಮ್ಮ ಮನೆ ಇರುವುದು ಯಲಹಂಕದ ಹಳೇ ಊರಿಗೆ ತಾಗಿಕೊಂಡ ಒಂದು ಲೇಔಟಿನಲ್ಲಿ. ಒಂದು ಕಾಲಕ್ಕೆ ಇದೆಲ್ಲ ಅಜ್ಜಿಯ ಗಂಡನ ಮನೆಯವರ ರಾಗಿ ಹೊಲವಂತೆ. ಸೈಟು ಮಾಡಿ ಮಾರಿದ ಮೇಲೆ ಅವರಿಗೆ ಉಳಿದದ್ದು ನಮ್ಮ ಪಕ್ಕದ ಎರಡು ಸೈಟು. ಒಂದರಲ್ಲಿ ಮಗನ ಮೂರಂತಸ್ತಿನ ಮನೆ. ಇನ್ನೊಂದರಲ್ಲಿ ಶೀಟು ಹೊದಿಸಿದ ಕೊಟ್ಟಿಗೆ, ಅದರಲ್ಲಿ ಒಂದೇ ಒಂದು ಸೀಮೆಹಸು. ಇಡೀ ಬೀದಿಗೆ ಅವರು ಅಜ್ಜಿ. ಬೆಳಿಗ್ಗೆ ಸಂಜೆ ನಮ್ಮ ಮನೆಗೆ ಹಾಲು ಅವರದೇ. ಶುರುವಿನಲ್ಲಿ ಒಂದು ದಿನ ನಾನು ಹಾಲಿಗೆ ನೀರು ಬೆರೆಸಿದ್ದಾರೆಯೇ ಅಂತ ನೋಡಲು ಅಳತೆಯ ಗಾಜಿನ ಕೊಳವೆ ತಂದು ಅವರ ಎದುರೇ ಪಾತ್ರೆಗೆ ಇಳಿಬಿಟ್ಟೆ. ಅಜ್ಜಿ ಸಿಟ್ಟಾಗಲಿಲ್ಲ. "ಅಸನೇ ನೀರು ಕುಡೀತದೆ ಸ್ವಾಮಿ, ನಾನೇನ್ ಮಾಡ್ಲಿ" ಎಂದು ನಕ್ಕರು. ಆ ಮೇಲೆ ನನಗೆ ಅವರ ಮೇಲೆ ಅನುಮಾನ ಬರಲಿಲ್ಲ. ಅಂಥವರು ನನ್ನ ಪಟ್ಟಿಯಲ್ಲಿ ಬಹಳ ಕಡಿಮೆ.

ಮನೆಯ ಮುಂದೆ ಆರಡಿ ಅಗಲದ ಜಾಗ ಇದೆ. ಪಶ್ಚಿಮಕ್ಕೆ ಮುಖ, ಎದುರಿಗೆ ಇನ್ನೂ ಕಟ್ಟದ ಖಾಲಿ ಸೈಟು, ಹಾಗಾಗಿ ಮಧ್ಯಾಹ್ನದಿಂದ ಸೂರ್ಯ ಮುಳುಗುವವರೆಗೂ ಸುಡುಬಿಸಿಲು. ಅಲ್ಲಿ ಮಲ್ಲಿಗೆ ಇತ್ತು, ಗುಲಾಬಿ ಇತ್ತು, ದಾಸವಾಳ ಇತ್ತು. ನಮ್ಮ ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರಿಗೆ ಬಿದ್ದ ಬೇಸಿಗೆಯಲ್ಲಿ ಒಂದೊಂದಾಗಿ ಒಣಗಿದವು. ಪಾತ್ರೆ ತೊಳೆದ ನೀರು ಹಾಕಿದೆ, ಅಕ್ಕಿ ತೊಳೆದ ನೀರು ಹಾಕಿದೆ. ಟ್ಯಾಂಕರಿನವನು ತರುವ ನೀರಿನಲ್ಲೇ ಏನೋ ಇದೆ ಅಂತ ಒಂದು ಬಾಟಲಿಯಲ್ಲಿ ಹಿಡಿದು ಒಂದು ವಾರ ಕಿಟಕಿಯಲ್ಲಿಟ್ಟೆ. ತಳದಲ್ಲಿ ಸ್ವಲ್ಪ ಮಣ್ಣು ಕೂತಿತು, ಅಷ್ಟೇ. ಗುಲಾಬಿ ಸತ್ತದ್ದು ಬಿಸಿಲಿಗೆ ಅಂತ ಒಪ್ಪಿಕೊಳ್ಳಬೇಕಾಯಿತು.

ನನಗೆ ದಿನವೂ ಲಿಂಗಪೂಜೆಗೆ ನಾಲ್ಕು ಹೂವಾದರೂ ಬೇಕು. ಅಂಗಡಿಯ ಹೂವನ್ನು ನಾನು ನಂಬುವುದಿಲ್ಲ. ಅದಕ್ಕೆ ಎಂಥ ನೀರು ಚಿಮುಕಿಸಿರುತ್ತಾರೋ, ಯಾರ ಕಾಲ ಬಳಿ ಬಿದ್ದಿತ್ತೋ. ನರ್ಸರಿಯವರ ಮೇಲೂ ನಂಬಿಕೆ ಇಲ್ಲ. ಅಲ್ಲಿ ಮೈತುಂಬ ಅರಳಿ ನಿಂತ ಗಿಡ ನಮ್ಮ ಮನೆಯ ಗೇಟು ದಾಟಿದ ಕೂಡಲೇ ತವರು ನೆನಪಾದವರ ಹಾಗೆ ಮುಖ ಇಳಿಬಿಡುತ್ತದೆ. ಹೀಗಿರುವಾಗ ಗದಗಿನ ಹತ್ತಿರ ಅಕ್ಕನ ಹೊಲಕ್ಕೆ ಹೋದವನು ಬಾವಿಯ ಸುತ್ತ ಬೇಲಿಯಾಗಿ ನಿಂತಿದ್ದ ಕಣಗಿಲೆ ಸಾಲನ್ನು ಕಂಡೆ. ಹುಟ್ಟಿದಾಗಿನಿಂದ ನೋಡಿದ ಗಿಡ, ಆದರೆ ನೀರಿಲ್ಲದ ಊರಿನಿಂದ ಹೋದವನ ಕಣ್ಣಿಗೆ ಬೇರೆಯಾಗಿಯೇ ಕಂಡಿತು. ನೆಲ ಬಿರುಕು ಬಿಟ್ಟಿತ್ತು. ಗಿಡ ಮಾತ್ರ ಹಸಿರಾಗಿ, ತುದಿ ತುದಿಗೆ ಕೆಂಪು ಗೊಂಚಲು ಹೊತ್ತು ನಿಂತಿತ್ತು.

"ಇದಕ್ಕ ಯಾರೂ ನೀರು ಹಾಕೂದಿಲ್ಲಪಾ. ದನಾನೂ ಬಾಯಿ ಹಾಕೂದಿಲ್ಲ, ವಿಷ ಐತಲ್ಲ. ಬೇಲಿಗೆ ಇದರಂಥಾದ್ದು ಇಲ್ಲ" ಎಂದಳು ಅಕ್ಕ.

ಪೆನ್ಸಿಲ್ ದಪ್ಪದ ಆರು ಕಡ್ಡಿ ಕತ್ತರಿಸಿಕೊಂಡು, ಒದ್ದೆ ಬಟ್ಟೆ ಸುತ್ತಿ, ರಾತ್ರಿ ರೈಲಿನಲ್ಲಿ ತಲೆದಿಂಬಿನ ಪಕ್ಕ ಇಟ್ಟುಕೊಂಡು ಬಂದೆ. ಎದುರು ಸೀಟಿನವರು ಅದೇನು ಎಂದು ಎರಡು ಸಲ ಕೇಳಿದ್ದರಿಂದ ಅವರ ಮೇಲೆ ಒಂದು ಕಣ್ಣಿಟ್ಟಿದ್ದೆ. ಯಶವಂತಪುರದಲ್ಲಿ ಇಳಿಯುವಾಗ ಅವರೇ ಆ ಕಟ್ಟನ್ನು ಎತ್ತಿ ಕೈಗೆ ಕೊಟ್ಟು "ಇದನ್ನ ಮರೀತಿದ್ರಲ್ಲ" ಎಂದರು.

ಕಣಗಿಲೆ ಬೆಳೆಸಲು ದೊಡ್ಡ ವಿದ್ಯೆಯೇನೂ ಬೇಡ. ಕಡ್ಡಿಯ ಕೆಳಗಿನ ಎಲೆ ತೆಗೆದು ನೀರಿನ ಬಾಟಲಿಯಲ್ಲಿ ನಿಲ್ಲಿಸಿದೆ. ಮೂರು ವಾರಕ್ಕೆ ಬುಡದಲ್ಲಿ ಬೆಳ್ಳಗೆ ಗುಳ್ಳೆ ಎದ್ದು ಬೇರು ಇಳಿಯಿತು. ಮೊದಲ ಮಳೆಗೆ ಮುಂಚೆ ಕೆಂಪು ಮಣ್ಣಿಗೆ ಮರಳು ಬೆರೆಸಿ ನೆಟ್ಟೆ. ಅದಕ್ಕೆ ನೀರು ಕಡಿಮೆಯಾದರೆ ಚಿಂತೆಯಿಲ್ಲ, ಬುಡದಲ್ಲಿ ನೀರು ನಿಂತರೆ ಮಾತ್ರ ಕೊಳೆಯುತ್ತದೆ. ಆರರಲ್ಲಿ ನಾಲ್ಕು ಬದುಕಿದವು. ಮೊದಲ ಬೇಸಿಗೆಯಲ್ಲಿ ವಾರಕ್ಕೊಂದು ಬಕೆಟ್ ನೀರು ಕೊಟ್ಟೆ. ಆಮೇಲೆ ಅದನ್ನೂ ಬಿಟ್ಟೆ. ಎರಡನೇ ವರ್ಷಕ್ಕೆ ಕಾಂಪೌಂಡಿನ ಮೇಲೆ ತಲೆ ಹಾಕಿತು, ಮೂರನೇ ವರ್ಷಕ್ಕೆ ನನ್ನ ತಲೆ ಮೀರಿತು. ಚಿಗುರಿಗೆ ಹಳದಿ ಹೇನು ಕೂರುತ್ತದೆ, ಸಾಬೂನಿನ ನೀರು ಚಿಮುಕಿಸಿದರೆ ಹೋಗುತ್ತದೆ. ಹೂವಿನ ಭರಾಟೆ ಮುಗಿದ ಮೇಲೆ ತುದಿ ಕತ್ತರಿಸಿದರೆ ಒಂದಕ್ಕೆ ಮೂರು ಕವಲು ಒಡೆಯುತ್ತದೆ. ಕತ್ತರಿಸಿದ ಮೇಲೆ ಕೈ ತೊಳೆಯದೆ ನಾನು ಒಳಗೆ ಬರುವಂತಿರಲಿಲ್ಲ. ಆ ಕತ್ತರಿಯನ್ನೂ ಹೆಂಡತಿ ಅಡುಗೆಮನೆಗೆ ಬಿಡುತ್ತಿರಲಿಲ್ಲ. ಗಿಡ ವಿಷವೆನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಎಲ್ಲರೂ ಅಂದರೆ ನಾವಿಬ್ಬರು.

ಗಿಡಕ್ಕೆ ಹೂವು ಬಂದ ಕೂಡಲೇ ನನಗೆ ಹೊಸ ಕೆಲಸ ಸಿಕ್ಕಿತು. ನಮ್ಮ ಲೇಔಟಿನಲ್ಲಿ ನಸುಕಿಗೆ ವಾಕಿಂಗ್ ಹೊರಡುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಕೆಲವರ ಬಳಿ ಕೊಕ್ಕೆ ಕಟ್ಟಿದ ಕೋಲೂ ಇರುತ್ತದೆ. ಪರರ ಕಾಂಪೌಂಡಿನ ಹೂವು ತಮ್ಮ ದೇವರಿಗೆ ಹೆಚ್ಚು ಪ್ರೀತಿ ಎಂದು ಅವರಿಗೆ ಯಾರು ಹೇಳಿದರೋ. ನಾನು ಐದೂವರೆಗೇ ಎದ್ದು ಪರದೆಯ ಹಿಂದೆ ನಿಲ್ಲತೊಡಗಿದೆ. ಕೆಮ್ಮಿದರೆ ಕೆಲವರು ಮುಂದೆ ಹೋಗುತ್ತಿದ್ದರು. ಕೆಲವರು ನಮಸ್ಕಾರ ಮಾಡಿ ಕಿತ್ತುಕೊಂಡೇ ಹೋಗುತ್ತಿದ್ದರು. ಕೊನೆಗೆ ಮರುದಿನ ಅರಳುವ ಮೊಗ್ಗನ್ನು ಹಿಂದಿನ ಸಂಜೆಯೇ ಕಿತ್ತು ಒದ್ದೆ ಬಟ್ಟೆಯಲ್ಲಿ ಇಡುವ ಉಪಾಯ ಕಂಡುಕೊಂಡೆ.

ಅಜ್ಜಿಯ ಮಗನಿಗೆ ನಲವತ್ತೈದರ ಆಸುಪಾಸು. ಮನೆ ಕಟ್ಟಿಸುವ ಕಂಟ್ರಾಕ್ಟರ್. ದೊಡ್ಡ ದನಿ, ದೊಡ್ಡ ಕಾರು. ನನ್ನ ಗಿಡದ ಒಂದು ಕಡೆಯ ಕೊಂಬೆಗಳು ಅವನು ಕಾರು ನಿಲ್ಲಿಸುವ ಜಾಗಕ್ಕೆ ಬಾಗಿದ್ದವು. "ಸಾರ್, ನಿಮ್ ಗಿಡ ಕಾರಿಗೆ ಉಜ್ಜತ್ತೆ, ಸ್ವಲ್ಪ ಕಟ್ ಮಾಡ್ಸಿ" ಎಂದು ಎರಡು ಸಲ ಹೇಳಿದ್ದ. ಹೂವಿರುವಾಗ ಹೇಗೆ ಕತ್ತರಿಸಲಿ, ಆಗಲಿ ಆಗಲಿ ಎಂದು ದಿನ ದೂಡಿದೆ. ಅವನ ಮೇಲೆ ನನಗೆ ಅನುಮಾನ ಹುಟ್ಟಲು ಕಾರು ಕಾರಣವಲ್ಲ. ಕೊಟ್ಟಿಗೆ ಇರುವ ಸೈಟಿನಲ್ಲಿ ನಾಲ್ಕಂತಸ್ತಿನ ಪಿ.ಜಿ. ಕಟ್ಟಬೇಕೆಂದು ಅವನು ವರ್ಷಗಳಿಂದ ಹೇಳುತ್ತಿದ್ದ. ಅಜ್ಜಿಯ ಉತ್ತರವನ್ನು ಬೀದಿಯಲ್ಲಿ ಕೇಳದವರಿಲ್ಲ.

"ಈ ಅಸ ಇರೋಗಂಟ ಇಲ್ಲಿ ಒಂದ್ ಇಟ್ಟಿಗೆನೂ ಇಡಂಗಿಲ್ಲ. ಆಮ್ಯಾಕೆ ನಿನ್ನಿಷ್ಟ."

ಅಜ್ಜಿಗೆ ಆ ಹಸು ಎಂದರೆ ಏನು ಅಂತ ಹೇಳಬೇಕು. ಹೊಲ ಹೋಗಿತ್ತು, ಗಂಡ ಹೋಗಿದ್ದರು, ಮಗನ ಮನೆಯಲ್ಲಿ ಅಡುಗೆಗೆ ಆಳಿತ್ತು. ಅವರ ಕೈಗೆ ಉಳಿದ ಕೆಲಸ ಅದೊಂದೇ. ಸಂಜೆ ನಾಲ್ಕಾದರೆ ದೊಡ್ಡ ಡಬ್ಬಿ ಹಿಡಿದು ಬೀದಿಯ ಮನೆಮನೆಗೂ ಬರುತ್ತಿದ್ದರು. ನಮ್ಮ ಬೀದಿಯಲ್ಲಿ ಎಲ್ಲರೂ ಗೇಟಿಗೆ ಒಂದು ಬಕೆಟ್ ನೇತುಹಾಕಿರುತ್ತಾರೆ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಅನ್ನ, ಬಾಳೆಹಣ್ಣಿನ ಸಿಪ್ಪೆ, ಎಲ್ಲ ಅದರಲ್ಲಿ. ಇಲ್ಲಿಯವರು ಅದನ್ನು ಕಲಗಚ್ಚು ಎನ್ನುತ್ತಾರೆ. ಅಜ್ಜಿ ಅದನ್ನು ತಮ್ಮ ಡಬ್ಬಿಗೆ ಸುರಿದುಕೊಂಡು, ಬಕೆಟನ್ನು ಮತ್ತೆ ಗೇಟಿಗೆ ಸಿಕ್ಕಿಸಿ, ಹತ್ತು ನಿಮಿಷ ನಿಂತು ಮಾತಾಡಿ ಹೋಗುತ್ತಿದ್ದರು. ಯಾವ ಮನೆಯಲ್ಲಿ ಜ್ವರ, ಯಾವ ಮನೆಯಲ್ಲಿ ಹೆಣ್ಣು ನೋಡಲು ಬಂದರು, ಎಲ್ಲ ಅವರಿಗೆ ಬಕೆಟಿನಿಂದಲೇ ಗೊತ್ತಾಗುತ್ತಿತ್ತು. ಹಸು ಹೋದರೆ ಅವರು ಬೀದಿಗೆ ಬರಲು ಕಾರಣವೇ ಇರಲಿಲ್ಲ.

ಆ ವರ್ಷದ ಶಿವರಾತ್ರಿಯ ಹಿಂದಿನ ಸಂಜೆ ಗಿಡದಲ್ಲಿದ್ದ ಒಂದು ಹೂವನ್ನೂ ಬಿಡದೆ ಕಿತ್ತೆ. ಹಬ್ಬದ ನಸುಕಿನಲ್ಲಿ ಕವರ್ ಹಿಡಿದವರೆಲ್ಲ ನಮ್ಮ ಗೇಟಿಗೇ ಬರುತ್ತಾರೆ ಅನ್ನುವುದು ಖಾತ್ರಿಯಿತ್ತು. ಗಡಿಬಿಡಿಯಲ್ಲಿ ಒಂದೊಂದೇ ಬಿಡಿಸುವ ತಾಳ್ಮೆ ಸಾಲದೆ ಗೊಂಚಲು ಗೊಂಚಲಾಗಿ, ಎಲೆ ಚಿಗುರಿನ ಸಮೇತ ಮುರಿದೆ. ಬುಟ್ಟಿ ತುಂಬಿತು. ಪೂಜೆ ಚೆನ್ನಾಗಿ ಆಯಿತು. ಎಲೆ ಸಮೇತ ಇಟ್ಟ ಗೊಂಚಲು ದೇವರ ಜಗುಲಿಯನ್ನೇ ಮುಚ್ಚಿತ್ತು. ಹೆಂಡತಿಯೂ ಒಮ್ಮೆ ಹೊಗಳಿದಳು.

ಮರುದಿನ ಅಮಾವಾಸ್ಯೆ, ಆ ಹೂವನ್ನು ಹಾಗೇ ಬಿಟ್ಟೆ. ಅದರ ಮಾರನೇ ದಿನ ಜಗುಲಿ ಸ್ವಚ್ಛ ಮಾಡಿ, ಇಳಿಸಿದ ಹೂವನ್ನು ಎಂದಿನಂತೆ ಕಾಲು ತಾಕದ ಜಾಗದಲ್ಲಿ ಹಾಕಿದೆ. ಅಷ್ಟೇ. ಪೂಜೆ ಮುಗಿದ ಮೇಲೆ ಹೂವು ಎಲ್ಲಿ ಹೋಯಿತೆಂದು ಯಾರು ನೆನಪಿಟ್ಟುಕೊಳ್ಳುತ್ತಾರೆ.

ಮಾರನೇ ಬೆಳಿಗ್ಗೆ ಹಾಲು ಬರಲಿಲ್ಲ. ಏಳು ಗಂಟೆಗೆ ಅಜ್ಜಿಯ ಕೂಗು ಕೇಳಿಸಿತು. ಓಡಿ ಹೋದೆವು. ಹಸು ಮಲಗಿತ್ತು, ಏಳಲು ಆಗುತ್ತಿರಲಿಲ್ಲ, ಬಾಯಿಂದ ಜೊಲ್ಲು, ಸುತ್ತ ಭೇದಿ. ಅಜ್ಜಿ ಅದರ ಕಿವಿ ಹಿಡಿದುಕೊಂಡು "ತಣ್ಣಗಾಗೋಯ್ತಲ್ಲಪ್ಪೋ" ಎನ್ನುತ್ತಿದ್ದರು. ಮಗನೇ ಕಾರಿನಲ್ಲಿ ಹೋಗಿ ದನದ ಡಾಕ್ಟರನ್ನು ಕರೆತಂದ. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದಳು.

"ಹಾರ್ಟ್‌ಬೀಟ್ ತಪ್ತಾ ಇದೆ. ಯಾವ್ದೋ ವಿಷದ ಸೊಪ್ಪು ತಿಂದಿರೋ ಹಾಗಿದೆ. ಇಲ್ಲೆಲ್ಲಾದ್ರೂ ಕಣಗಿಲೆ ಗಿಡ ಇದ್ಯಾ?"

ಎಲ್ಲರೂ ನನ್ನ ಕಾಂಪೌಂಡಿನ ಕಡೆ ತಿರುಗಿದರು. ನನಗೆ ಮೈ ಉರಿಯಿತು. ನನ್ನ ಗಿಡ ನನ್ನ ಕಾಂಪೌಂಡಿನಲ್ಲಿದೆ, ಹಸು ಹಗ್ಗದಲ್ಲಿದೆ. ಗಿಡವೇನು ನಡೆದುಕೊಂಡು ಹೋಗುತ್ತದೆಯೇ? ಹಾಗಂತಲೇ ಕೇಳಿದೆ. "ಹಸಿ ಎಲೆ ಕಹಿ ಇರತ್ತೆ ಸರ್, ದನ ಮೂಸಿ ಬಿಟ್ಬಿಡತ್ತೆ. ಒಣಗಿದ್ರೆ ಕಹಿ ಗೊತ್ತಾಗಲ್ಲ, ಮೇವಿನ ಜೊತೆ ಸೇರಿದ್ರೆ ತಿಂದ್ಬಿಡತ್ತೆ. ವಿಷ ಮಾತ್ರ ಹಾಗೇ ಇರತ್ತೆ" ಎಂದು ಹೇಳಿ ಅವಳು ಇಂಜೆಕ್ಷನ್ ಕೊಡಲು ಕೂತಳು. ಮಧ್ಯಾಹ್ನ ಹನ್ನೆರಡರೊಳಗೆ ಹಸುವಿನ ಪ್ರಾಣ ಹೋಯಿತು.

ನಾನು ಅಷ್ಟರಲ್ಲಿ ನನ್ನ ಕೆಲಸ ಶುರುಮಾಡಿದ್ದೆ. ಗಿಡದ ಬಳಿ ಹೋಗಿ ಒಂದೊಂದೇ ಕೊಂಬೆ ಪರೀಕ್ಷಿಸಿದೆ. ಕಾರು ನಿಲ್ಲುವ ಕಡೆಯ ನಾಲ್ಕು ಕೊಂಬೆ ಇರಲಿಲ್ಲ. ಶಿವರಾತ್ರಿಯ ಗಡಿಬಿಡಿಯಲ್ಲಿ ಅದನ್ನು ಗಮನಿಸಿರಲಿಲ್ಲ. ನಾನು ಮುರಿದ ಕಡೆ ತೊಗಟೆ ಸೀಳಿತ್ತು, ಇಲ್ಲಿ ಹರಿತವಾದ ಕತ್ತಿಯ ಗುರುತು. ಕಡಿದು ಒಂದು ವಾರವಾದರೂ ಆಗಿರಬೇಕು, ತುದಿ ಕಂದಿತ್ತು. ಒಂದು ವಾರ ಅಂದರೆ ಎಲೆ ಒಣಗಲು ಬೇಕಾದಷ್ಟು ಕಾಲ. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಒಂದು ದೋಷ ಇಷ್ಟು ಸ್ಪಷ್ಟವಾಗಿ ನನಗೆ ಸಿಕ್ಕಿದ್ದೇ ಇಲ್ಲ. ಹೇಳಲು ನಾಚಿಕೆಯಾಗುತ್ತದೆ, ಆ ಹೊತ್ತಿನಲ್ಲಿ ನನಗೆ ಒಂದು ಥರದ ಖುಷಿಯೇ ಆಯಿತು.

ಮಗನನ್ನು ಎಲ್ಲರ ಮುಂದೆ ಕೇಳಿದೆ. "ನಮ್ಮ ಗಿಡದ ಕೊಂಬೆ ಕಡಿದಿದ್ದು ಯಾರು?"

"ನಾನೇ ಸಾರ್. ನಿಮಗೆ ಎರಡು ಸಲ ಹೇಳಿದ್ನಲ್ಲ. ಕಡಿದು ಕಸದ ಗಾಡಿಗೆ ಹಾಕ್ದೆ" ಎಂದ. ಹೇಳುವಾಗ ಅವನ ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದುಕೊಂಡೆ. ಅವನು ಆಮೇಲೆ ಫೋನು ತೆಗೆದು, ಹಸುವನ್ನು ಹೂಳಲು ಗುಂಡಿ ತೋಡಿಸಬೇಕೆಂದು ಜೆಸಿಬಿಯವನಿಗೆ ಮಾತಾಡತೊಡಗಿದ. ಬಿಸಿಲಿಗೆ ಹೆಣ ಇಟ್ಟುಕೊಂಡು ಕೂರಲಾಗುವುದಿಲ್ಲ, ಯಾರಾದರೂ ಮಾಡಬೇಕಾದ ಕೆಲಸವೇ. ನನ್ನ ಕಣ್ಣಿಗೆ ಅದೂ ಅವಸರವಾಗಿ ಕಂಡಿತು.

ಅಜ್ಜಿ ಹಸುವಿನ ತಲೆಯ ಹತ್ತಿರ ಕೂತಿದ್ದರು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಅಜ್ಜಿ, ನಾನು ಯಾರ ಹೆಸರೂ ಹೇಳಲ್ಲ. ಈ ಹಸು ಹೋದ್ರೆ ಯಾರಿಗೆ ದಾರಿ ಸಲೀಸಾಗತ್ತೆ ಅಂತ ನೀವೇ ಯೋಚನೆ ಮಾಡಿ."

ಅಜ್ಜಿ ನಿಧಾನವಾಗಿ ತಲೆ ಎತ್ತಿ ಗೇಟಿನ ಬಳಿ ಫೋನಿನಲ್ಲಿ ಮಾತಾಡುತ್ತಿದ್ದ ಮಗನನ್ನು ನೋಡಿದರು. ಹಿಂದೆ ನಿಂತಿದ್ದ ನನ್ನ ಹೆಂಡತಿ ನನ್ನ ಅಂಗಿ ಹಿಡಿದು ಎಳೆದಳು. ಆಡಿದ ಮಾತನ್ನು ಎಳೆದುಕೊಳ್ಳಲು ಆಗುವುದಿಲ್ಲವಲ್ಲ.

ಅವತ್ತು ಸಂಜೆಯಿಂದ ಅಜ್ಜಿ ಮಗನ ಮನೆಯ ಮೆಟ್ಟಿಲು ಹತ್ತಲಿಲ್ಲ. ಖಾಲಿ ಕೊಟ್ಟಿಗೆಯಲ್ಲೇ ಚಾಪೆ ಹಾಸಿಕೊಂಡರು. ಮೂರು ಕಲ್ಲು ಹೂಡಿ ಅನ್ನ ಮಾಡಿಕೊಳ್ಳತೊಡಗಿದರು. ಮಗ ತಟ್ಟೆಯಲ್ಲಿ ಊಟ ತಂದು ನಿಂತದ್ದನ್ನು ನಾನು ಪರದೆಯ ಹಿಂದಿನಿಂದ ನೋಡಿದೆ. "ನಿನ್ ಕೈಲಿ ತಿಂದು ನಾನೂ ಅಂಗೇ ಓಗ್ಬೇಕಾ?" ಎಂದರು ಅಜ್ಜಿ. ಅವನು ತಟ್ಟೆಯನ್ನು ಹಾಗೇ ಹಿಡಿದುಕೊಂಡು ವಾಪಸು ಹೋದ. ನನಗೆ ಆಗಲೂ ಪಾಪ ಅನಿಸಲಿಲ್ಲ. ಚೆನ್ನಾಗಿ ನಟಿಸುತ್ತಾನೆ ಅನಿಸಿತು.

ನಾಲ್ಕನೆಯ ದಿನ ಸೋಮವಾರ. ಪೂಜೆ ಮುಗಿಸಿ, ಹಿಂದಿನ ದಿನದ ಹೂವನ್ನು ತಟ್ಟೆಯಲ್ಲಿ ತೆಗೆದುಕೊಂಡು ಹೊರಗೆ ಬಂದೆ. ದಿನಾ ಅದನ್ನು ಕಣಗಿಲೆಯ ಬುಡಕ್ಕೇ ಹಾಕುತ್ತಿದ್ದೆ. ಬುಡದ ತಂಪಿನಲ್ಲಿ ಬೀದಿನಾಯಿ ಮಲಗಿತ್ತು. ನಾಯಿಯ ಮೈಮೇಲೆ ದೇವರ ಹೂವು ಹೇಗೆ ಹಾಕುವುದು ಎಂದು ತಟ್ಟೆ ಹಿಡಿದು ಗೇಟಿನ ಕಡೆ ತಿರುಗಿದೆ. ಕೈ ತನ್ನಷ್ಟಕ್ಕೆ ಗೇಟಿಗೆ ನೇತಾಡುತ್ತಿದ್ದ ಬಕೆಟಿನ ಮೇಲೆ ಹೋಯಿತು. ಅಲ್ಲೇ ನಿಂತುಬಿಟ್ಟಿತು.

ಅಮಾವಾಸ್ಯೆಯ ಮಾರನೇ ದಿನವೂ ನಾಯಿ ಹೀಗೆಯೇ ಮಲಗಿತ್ತು. ನಮ್ಮೂರಲ್ಲಾದರೆ ಬಾವಿ ಇದೆ, ಹಳ್ಳ ಇದೆ. ಇಲ್ಲಿ ಕೆರೆಗೆ ಬೇಲಿ. ಕಸದ ಗಾಡಿಗೆ ಹಾಕಲು ಮನಸ್ಸು ಬರಲಿಲ್ಲ. ಹಸುವಿನ ಹೊಟ್ಟೆಯಲ್ಲಿ ಮೂವತ್ತಮೂರು ಕೋಟಿ ದೇವತೆಗಳಿದ್ದಾರೆ, ದೇವರ ಮೇಲಿಂದ ಇಳಿದದ್ದು ದೇವರಿಗೇ ಸೇರಲಿ ಎಂದು, ಕೈ ಮುಗಿದು, ಒಣಗಿ ಗರಿಗರಿಯಾಗಿದ್ದ ಬುಟ್ಟಿಗಟ್ಟಲೆ ಹೂವನ್ನೂ ಎಲೆಯನ್ನೂ ಬಾಳೆಹಣ್ಣಿನ ಸಿಪ್ಪೆಯ ಜೊತೆ ಈ ಬಕೆಟಿಗೆ ಒತ್ತಿ ತುಂಬಿದ್ದೆ. ಕಾಲು ತಾಕದ ಜಾಗ ಅಂದೆನಲ್ಲ, ಅದು ಇದು. ಗಿಡ ವಿಷ ಅಂತ ಗೊತ್ತಿತ್ತು. ದೇವರ ಮೇಲಿಂದ ತೆಗೆದ ಹೂವಿನೊಳಗೆ ಆ ಗಿಡ ಇನ್ನೂ ಇದೆ ಅಂತ ನನಗೆ ಹೊಳೆಯಲೇ ಇಲ್ಲ.

ಬಕೆಟಿನೊಳಗೆ ಬಗ್ಗಿ ನೋಡಿದೆ. ತಳಕ್ಕೆ ಒಂದು ಉದ್ದನೆಯ ಒಣ ಎಲೆ ಅಂಟಿಕೊಂಡಿತ್ತು, ಅದರ ಮೇಲೆ ವಿಭೂತಿಯ ಬಿಳಿ. ಆಮೇಲೆ ನಾನು ಮಾಡಿದ್ದನ್ನು ಯೋಚಿಸಿ ಮಾಡಿದೆ ಎನ್ನಲಾರೆ, ಯೋಚಿಸದೆ ಮಾಡಿದೆ ಎಂದೂ ಎನ್ನಲಾರೆ. ಬಕೆಟನ್ನು ಹಿತ್ತಲಿನ ನಲ್ಲಿಗೆ ಒಯ್ದು, ಸೋಪು ಹಾಕಿ, ನಾರಿನಿಂದ ಉಜ್ಜಿ ತೊಳೆದೆ. ಎಲೆ ಮೋರಿಗೆ ಹೋಯಿತು. ಇನ್ನೊಂದು ಸಲ ತೊಳೆದೆ. ತಲೆ ಎತ್ತಿದರೆ ಹಿತ್ತಲ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಹೆಂಗೂ ಇನ್ನ ಅದನ್ನ ಒಯ್ಯಾಕ ಯಾರೂ ಬರೂದಿಲ್ಲ. ಯಾಕ ತೊಳ್ಯಾಕತ್ತೀರಿ?" ಎಂದಳು.

ಹೇಳಿದೆ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ತಾನೂ ನೋಡಬೇಕಿತ್ತು, ಸಿಪ್ಪೆ ಹಾಕಿದವಳು ತಾನೇ ಅಲ್ಲವೇ ಎಂದು ಸ್ವಲ್ಪ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ತಾನು ಕಳ್ಳ ಪರರ ನಂಬ. ಹೋಗಿ ಹೇಳಿ ಬರ್ರಿ" ಎಂದಳು.

ನಾನು ಹೋಗಲಿಲ್ಲ. ಆ ದಿನ ಹೋಗಲಿಲ್ಲ, ಆ ವಾರವೂ ಹೋಗಲಿಲ್ಲ. ನನಗೇ ನಾನು ವಕೀಲನಾದೆ. ಎಲೆ ಕಂಡದ್ದು ಒಂದೇ. ಕಾರಿನ ಕಡೆಯ ಕೊಂಬೆ ನಿಜವಾಗಿಯೂ ಕಸದ ಗಾಡಿಗೆ ಹೋಯಿತೆಂದು ಯಾರು ಕಂಡವರು? ಬೇರೆ ಮನೆಯ ಬಕೆಟಿನಲ್ಲಿ ಏನಿತ್ತೋ. ಹೀಗೆ ಎಲ್ಲರನ್ನೂ ಅನುಮಾನಿಸುತ್ತಾ ಹೋದೆ, ಆದರೆ ಪ್ರತಿ ಸಲವೂ ಸುತ್ತು ಹಾಕಿ ಬಕೆಟಿನ ಬಳಿಗೇ ಬಂದು ನಿಲ್ಲುತ್ತಿದ್ದೆ. ಒಂದು ಬೆಳಿಗ್ಗೆ ಎದ್ದು ನಾಲ್ಕೂ ಗಿಡಗಳನ್ನು ಬುಡಕ್ಕೆ ಕಡಿಸಿ, ಒಣಗುವ ಮೊದಲೇ ಹೂಳಿಸಿಬಿಟ್ಟೆ. ಬೀದಿಯವರು ನಾನು ಅಜ್ಜಿಯ ದುಃಖ ನೋಡಲಾರದೆ ಕಡಿಸಿದೆ ಎಂದು ಮೆಚ್ಚಿಕೊಂಡರು. ಆ ಮೆಚ್ಚುಗೆಯನ್ನೂ ಇಟ್ಟುಕೊಂಡೆ. ಕಡಿದ ಬುಡ ಎರಡೇ ವಾರಕ್ಕೆ ಚಿಗುರಿತು.

ಅಜ್ಜಿ ನಾಗಸಂದ್ರದಲ್ಲಿರುವ ಮಗಳ ಮನೆಗೆ ಹೋಗುತ್ತಾರಂತೆ, ಇನ್ನು ಇಲ್ಲಿಗೆ ಕಾಲಿಡುವುದಿಲ್ಲವಂತೆ ಎಂದು ಹೆಂಡತಿ ಕೇಳಿಕೊಂಡು ಬಂದಳು. "ಅಳಿಯನ ಮನಿ ಅದು. ಈ ವಯಸ್ಸಿನಾಗ, ನೋಡಿಕೊಳ್ಳೂ ಮಗನ್ನ ಬಿಟ್ಟು, ಯಾಕ ಹೊಂಟಾರ ಅನ್ನೂದು ನಿಮಗ ಗೊತ್ತೈತಿ. ನೀವು ಹೋಗಿ ಹೇಳ್ತೀರೋ, ನಾ ಹೋಗ್ಲೋ?" ಅವಳು ಹಾಗೆ ಕೇಳಿದಾಗ ಆಚೆ ಆಟೋ ಬಂದು ನಿಂತ ಸದ್ದಾಯಿತು.

ಇಬ್ಬರೂ ಹೋದೆವು. ಅಜ್ಜಿ ಆಗಲೇ ಆಟೋದಲ್ಲಿ ಕೂತು, ಮಡಿಲಲ್ಲಿ ಒಂದು ಗಂಟು ಇಟ್ಟುಕೊಂಡಿದ್ದರು. ಮಗ ಬಟ್ಟೆಯ ಬ್ಯಾಗು ಹಿಡಿದು ಪಕ್ಕದಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು. ಅವರು ಅವನ ಕಡೆ ನೋಡುತ್ತಿರಲಿಲ್ಲ.

ನಾನು ಆಟೋದ ಕಂಬಿ ಹಿಡಿದುಕೊಂಡೆ. "ಅಜ್ಜಿ, ತಪ್ಪು ನನ್ನದು. ಶಿವರಾತ್ರಿ ಹೂವು ಒಣಗಿತ್ತು, ಎಲೆ ಸಮೇತ ನಿಮ್ಮ ಕಲಗಚ್ಚಿನ ಬಕೆಟಿಗೆ ನಾನೇ ಹಾಕ್ದೆ. ಹಸು ಹೋಗಿದ್ದು ಅದರಿಂದ. ನಿಮ್ಮ ಮಗ ಏನೂ ಮಾಡಿಲ್ಲ. ಸುಮ್ಮನೆ ಅವರ ಮೇಲೆ ಹೇಳ್ಬಿಟ್ಟೆ" ಎಂದೆ.

ಅಜ್ಜಿ ನನ್ನನ್ನು ನೋಡಿದರು. ಹಾಲಿನಲ್ಲಿ ಕೊಳವೆ ಇಳಿಬಿಟ್ಟಾಗ ನಾನು ನೋಡಿದ್ದೆನಲ್ಲ, ಹಾಗೆ ನೋಡಿದರು.

"ದ್ಯಾವರ ತಲೆ ಮ್ಯಾಲಿಂದ ತಗ್ದಿದ್ ಊವ ತಿಂದು ಅಸ ಸಾಯ್ತದಾ ಸ್ವಾಮಿ? ದಿನಾ ಪೂಜೆ ಮಾಡೋರು ನೀವು, ಇಂಗೆಲ್ಲ ಸುಳ್ ಯೋಳ್ಬಾರ್ದು." ಮಗ ನಿಂತ ಕಡೆ ಗದ್ದ ತೋರಿಸಿ, ದನಿ ತಗ್ಗಿಸಿ ಕೇಳಿದರು: "ಇಂಗ್ ಯೋಳಿ ಅಂತ ಅವ್ನೇ ಕಳ್ಸಿದ್ನಾ?"

"ಇಲ್ರೀ ಅಜ್ಜಿ, ಇವರು ಹೇಳೂದು ಖರೆ ಐತ್ರಿ. ಆ ಬಕೆಟಿಗೆ ಸಿಪ್ಪಿ ಹಾಕಿದಾಕಿ ನಾನ" ಎಂದು ಹೆಂಡತಿ ಮುಂದೆ ಬಂದಳು.

"ನೀನೂ ಅವನ್ ಕಡೆ ಸೇರ್ಕಂಡ್ಯಾ ತಾಯಿ" ಎಂದರು ಅಜ್ಜಿ. ಬೇಜಾರಿನಿಂದ ಹೇಳಿದರೇ ಹೊರತು ಸಿಟ್ಟಿನಿಂದಲ್ಲ.

ಬಕೆಟಿನಲ್ಲಿ ಎಲೆ ಕಂಡೆ ಎಂದೆ. ಎಲ್ಲಿ ತೋರಿಸಿ ಎಂದರು. ತೊಳೆದುಬಿಟ್ಟೆ ಎಂದು ಹೇಳಬೇಕಾಯಿತು. ಅಜ್ಜಿ ತಲೆ ಆಡಿಸಿ, ಆಟೋದವನ ಬೆನ್ನು ತಟ್ಟಿ, "ನಡಿಯಪ್ಪ" ಎಂದರು.

ಮಗ ಬ್ಯಾಗನ್ನು ಸೀಟಿನ ಹಿಂದೆ ಇಟ್ಟು, ಅದು ಬೀಳದ ಹಾಗೆ ಒತ್ತಿ ಕೂರಿಸಿದ. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ನನ್ನ ಕಡೆ ತಿರುಗಿದ. ಕೊರಳಪಟ್ಟಿ ಹಿಡಿಯುತ್ತಾನೆ ಅಂದುಕೊಂಡೆ. ಹಿಡಿದಿದ್ದರೆ ಒಳ್ಳೆಯದಿತ್ತು.

"ನೀವು ಈಗ ಹೇಳಿದ್ದು ನಿಜ ಅಂತ ನನಗೆ ಗೊತ್ತು ಸಾರ್" ಎಂದ. "ಆದ್ರೆ ನಮ್ಮಮ್ಮ ನಿಮ್ಮ ಮಾತನ್ನ ಅವತ್ತೇ ನಂಬಿ ಆಗಿದೆ."